ಸೋಸಿ ತೆಗೆದು, ಮತ್ತೆ ಬೆರೆಸಿ

ಮುಂಬೈನ ಮನೆಗಳಲ್ಲಿ ಈಗ ಖನಿಜದ್ದೇ ಮಾತು. ಅಡುಗೆಮನೆ ಗೋಡೆಯ ನೀರಿನ ಯಂತ್ರದ ಮೇಲೆ ‘ಮಿನರಲ್ ಕಾರ್ಟ್ರಿಜ್’ ಎಂದು ಬರೆದಿರುತ್ತದೆ. ಟೂತ್‌ಪೇಸ್ಟಿನ ಮೇಲೆ ‘ಎನಾಮೆಲ್ ರಿಪೇರ್’. ಫ್ರಿಜ್ ಮೇಲೆ ಅಮ್ಮನ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ. ರಜೆಗೆ ಊರಿಗೆ ಹೋದರೆ ಗೊಬ್ಬರದ ಅಂಗಡಿಯವರೂ ಜಿಂಕ್, ಬೋರಾನ್ ಪ್ಯಾಕೆಟ್ ಮುಂದಿಡುತ್ತಾರೆ. ಎಲ್ಲರೂ ಹೇಳುವುದು ಒಂದೇ: ನಿಮ್ಮಲ್ಲಿ ಏನೋ ಕಡಿಮೆಯಾಗಿದೆ, ನಾವು ತುಂಬಿಸಿಕೊಡುತ್ತೇವೆ.

ಕಡಿಮೆಯಾಗಿರುವುದು ಎಷ್ಟೋ ಕಡೆ ನಿಜವೇ. ಆದರೆ ಯಾವುದರಿಂದ ಕಡಿಮೆಯಾಯಿತು, ತುಂಬಿಸಿದ್ದು ಅಲ್ಲಿ ನಿಲ್ಲುತ್ತದೆಯೇ ಎಂಬ ಮಾತು ಪ್ಯಾಕೆಟ್ಟಿನ ಮೇಲೆ ಇರುವುದಿಲ್ಲ. ಅದನ್ನು ಕೇಳದೆ ದುಡ್ಡು ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೀರು, ಮಣ್ಣು, ಹಲ್ಲು, ಮೂಳೆ ಎಲ್ಲಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ. ಉತ್ತರ ಮಾತ್ರ ಒಂದೊಂದಕ್ಕೆ ಒಂದೊಂದು ಥರ.

ನೀರಿನಿಂದ ಶುರು ಮಾಡೋಣ. ಇಲ್ಲಿ ಖನಿಜ ತೆಗೆಯುವವರೂ ನಾವೇ, ಮತ್ತೆ ಕೊಂಡು ಹಾಕುವವರೂ ನಾವೇ.

ಮುಂಬೈಗೆ ನೀರು ಬರುವುದು ಏಳು ಜಲಾಶಯಗಳಿಂದ. ತುಳಸಿ, ವಿಹಾರ, ತಾನಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ದಿನಕ್ಕೆ ಹೆಚ್ಚುಕಡಿಮೆ 4,000 ದಶಲಕ್ಷ ಲೀಟರ್. ಎಲ್ಲವೂ ಮಳೆಗಾಲದ ನೀರು. ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಹರಿದು ಬೇಗನೆ ಜಲಾಶಯ ಸೇರುತ್ತದೆ. ನೆಲದೊಳಗೆ ವರ್ಷಗಟ್ಟಲೆ ಕೂತು ಲವಣ ಕರಗಿಸಿಕೊಳ್ಳಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹಾಗಾಗಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಸಾಮಾನ್ಯವಾಗಿ ಲೀಟರಿಗೆ 100 ಮಿ.ಗ್ರಾಂ ಆಸುಪಾಸಿನಲ್ಲಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಮಾಡಿರುವ ಮಾನದಂಡ (ಐಎಸ್ 10500, 2012) 500ರವರೆಗೆ ಸರಿ ಎನ್ನುತ್ತದೆ. ಬೇರೆ ನೀರೇ ಇಲ್ಲದ ಕಡೆ 2,000ದವರೆಗೂ ಒಪ್ಪುತ್ತದೆ.

ಅಡುಗೆಮನೆ ಗೋಡೆಯ ಆ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಇರುವುದು ಉಪ್ಪು ನೀರನ್ನು ಕುಡಿಯುವಂತೆ ಮಾಡಲು. ಅದರ ಪೊರೆ ಕರಗಿದ ಲವಣದಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ತಡೆಯುತ್ತದೆ. 100 ಇದ್ದ ನಮ್ಮ ನಲ್ಲಿ ನೀರು 10ಕ್ಕೆ ಇಳಿಯುತ್ತದೆ. ಜೊತೆಗೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಚರಂಡಿ ಪಾಲು. 10ಕ್ಕೆ ಇಳಿದ ನೀರಿಗೆ ರುಚಿ ಇರುವುದಿಲ್ಲ. ಆಗ ಬರುತ್ತದೆ ಮಿನರಲ್ ಕಾರ್ಟ್ರಿಜ್. ಅದರೊಳಗೆ ಸುಣ್ಣದ ಕಲ್ಲಿನ ಹರಳು, ಮೆಗ್ನೀಸಿಯಂನ ಉಂಡೆ. ಕೆಲವು ಯಂತ್ರಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ಚಿಕ್ಕ ತಿರುಪು ಇರುತ್ತದೆ. ಅದು ಮಾಡುವ ಕೆಲಸ ಏನು ಗೊತ್ತಾ? ಆರ್‌ಒ ಪೊರೆ ದಾಟದ ನಲ್ಲಿ ನೀರನ್ನೇ ಸ್ವಲ್ಪ ತಂದು ಸೋಸಿದ ನೀರಿಗೆ ಬೆರೆಸುತ್ತದೆ. ಹದಿನೈದು ಸಾವಿರ ಕೊಟ್ಟು ನಲ್ಲಿ ನೀರು ಬೆರೆಸಿಕೊಳ್ಳುವುದು, ಅಷ್ಟೇ.

ಹಾಗಾದರೆ ಇದು ಇಷ್ಟು ಚೆನ್ನಾಗಿ ಮಾರಾಟವಾಗುವುದು ಹೇಗೆ? ಮುಲುಂಡ್‌ನ ನಮ್ಮ ಸೊಸೈಟಿಗೆ ಬಂದಿದ್ದ ಮಾರಾಟಗಾರನ ಚೀಲದಲ್ಲಿ ಎರಡು ಜೊತೆ ಕಂಬಿ ಇರುವ ಒಂದು ಪೆಟ್ಟಿಗೆ ಇತ್ತು. ಒಂದು ಗ್ಲಾಸಿನಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವನೇ ತಂದ ಆರ್‌ಒ ನೀರು. ಕಂಬಿ ಮುಳುಗಿಸಿ ಸ್ವಿಚ್ ಹಾಕಿದ. ನಲ್ಲಿ ನೀರಿನ ಗ್ಲಾಸು ಮೊದಲು ಹಸಿರಾಯಿತು, ಆಮೇಲೆ ಕಂದು, ಕೊನೆಗೆ ಕಪ್ಪು ಕೆಸರಿನ ಹಾಗೆ ತೇಲಿತು. ಆರ್‌ಒ ನೀರು ಹಾಗೇ ಇತ್ತು. ಪಕ್ಕದ ಮನೆಯ ಅಕ್ಕ ಬಾಯಿಗೆ ಸೆರಗು ಹಿಡಿದು, ‘ಇಷ್ಟು ವರ್ಷ ಇದನ್ನೇ ಕುಡಿದ್ವಾ ನಾವು?’ ಎಂದರು.

ಆ ಕೆಸರು ನೀರಿನದಲ್ಲ, ಕಂಬಿಯದು. ಒಂದು ಕಂಬಿ ಕಬ್ಬಿಣ, ಒಂದು ಅಲ್ಯೂಮಿನಿಯಂ. ಕರೆಂಟು ಹರಿದರೆ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಕರೆಂಟು ಹರಿಯಲು ನೀರಿನಲ್ಲಿ ಲವಣ ಬೇಕು. ಆರ್‌ಒ ನೀರಿನಲ್ಲಿ ಅದಿಲ್ಲ, ಹಾಗಾಗಿ ಕಂಬಿಗೆ ಏನೂ ಆಗುವುದಿಲ್ಲ. ‘ಅಕ್ಕ, ಒಂದು ಚಿಟಿಕೆ ಉಪ್ಪು ಕೊಡಿ’ ಎಂದು ಇಸಕೊಂಡು ಆರ್‌ಒ ಗ್ಲಾಸಿಗೆ ಹಾಕಿ ಮತ್ತೆ ಸ್ವಿಚ್ ಒತ್ತಲು ಹೇಳಿದೆ. ಅದೂ ಕಂದಾಯಿತು. ಯಾರ ಮನೆಗೆ ಇಂಥವರು ಬಂದರೂ ಮಾಡಿ ನೋಡಬಹುದು. ಟಿಡಿಎಸ್ ಮೀಟರೂ ಇದೇ ಜಾತಿಯದ್ದು. ಕರೆಂಟು ಎಷ್ಟು ಹರಿಯುತ್ತದೆ ಎಂದು ಅಳೆದು ಲವಣ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ. ರೋಗಾಣು, ಸೀಸ, ಕೀಟನಾಶಕ ಅದರ ಕಣ್ಣಿಗೆ ಬೀಳುವುದಿಲ್ಲ. ಎಳನೀರಿಗೆ ಅದ್ದಿದರೆ ಸಾವಿರಗಳಲ್ಲಿ ತೋರಿಸುತ್ತದೆ.

ಮುಂಬೈ ನೀರಿನ ನಿಜವಾದ ತೊಂದರೆ ಬೇರೆ. ಹಳೇ ಪೈಪು, ಪಕ್ಕದಲ್ಲೇ ಚರಂಡಿ, ತೊಳೆಯದ ಟ್ಯಾಂಕು. ಮಳೆಗಾಲದಲ್ಲಿ ಹೊಟ್ಟೆ ಕೆಡಿಸುವುದು ರೋಗಾಣು, ಲವಣ ಅಲ್ಲ. ಅದಕ್ಕೆ ಕುದಿಸಿದರೆ ಸಾಕು, ಇಲ್ಲವೇ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು: ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ, ಬೇಕಾದ ಕಡೆ ಕೊಟ್ಟರೂ ಶೇಕಡಾ 60ಕ್ಕಿಂತ ಹೆಚ್ಚು ನೀರು ಉಳಿಯುವಂತೆ ಮಾಡಿ ಎಂದು. ಮಾರಾಟ ಮಾತ್ರ ಜೋರಾಗೇ ನಡೆದಿದೆ.

ಪುಣೆಯ ಹೊರವಲಯದ ಕತೆ ಬೇರೆ. ವಾಘೋಲಿ, ಉಂಡ್ರಿ ಕಡೆ ಟ್ಯಾಂಕರ್ ಮತ್ತು ಬೋರ್‌ವೆಲ್ ನಂಬಿದವರ ಗೀಸರಿನ ಕಾಯಿಲ್ ಬಿಚ್ಚಿದರೆ ಬಿಳಿ ಹೊಪ್ಪಳೆ ಕಾಣುತ್ತದೆ. ಅಲ್ಲಿ ಮೀಟರ್ ನೋಡಿ ನಿರ್ಧಾರ ಮಾಡಬೇಕು. ಇನ್ನು ನಮ್ಮ ಪಾವಗಡ, ಮುಂಡರಗಿ ಕಡೆಯವರಿಗೆ ಆರ್‌ಒ ಘಟಕ ವರವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಹಲ್ಲು ಕಲೆ ಬೀಳುತ್ತದೆ. ಅದಕ್ಕೂ ಎಷ್ಟೋ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಅಂಥ ಊರಿನಲ್ಲಿ ಖನಿಜ ತೆಗೆಯುವುದೇ ಸರಿಯಾದ ಕೆಲಸ.

ಹಾಗಂತ ‘ಆರ್‌ಒ ಕುಡಿದರೆ ಮೂಳೆ ಸವೆಯುತ್ತದೆ’ ಎಂಬ ವಾಟ್ಸಾಪ್ ಹೆದರಿಕೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಲೆಕ್ಕ ಹಾಕಿ. ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ ಎರಡು ಲೀಟರಿಗೆ 40. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದೊಡ್ಡವರಿಗೆ ದಿನಕ್ಕೆ 1,000 ಮಿ.ಗ್ರಾಂ ಬೇಕು ಎಂದಿದೆ. ಒಂದು ಲೋಟ ಹಾಲಿನಲ್ಲೇ 200ಕ್ಕಿಂತ ಹೆಚ್ಚು ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 350ರ ಮೇಲಿದೆ. ಮುಂಬೈ ನೀರಿನ ಕ್ಯಾಲ್ಸಿಯಂ ಇದ್ದರೂ ಹೋದರೂ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಅದನ್ನು ವಾಪಸ್ ತರುವ ಕಾರ್ಟ್ರಿಜ್ ಕೂಡ ದೊಡ್ಡ ಉಪಕಾರವೇನಲ್ಲ. ಅಡುಗೆಯಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಲವಣವಿಲ್ಲದ ನೀರಿನಲ್ಲಿ ತರಕಾರಿ, ಅಕ್ಕಿ ಬೇಯಿಸಿದರೆ ಅವುಗಳ ಮೆಗ್ನೀಸಿಯಂ, ಕ್ಯಾಲ್ಸಿಯಂ ನೀರಿಗೆ ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2005ರ ಪುಸ್ತಕದಲ್ಲಿ ಪ್ರಾಗ್‌ನ ತಜ್ಞರು ಬರೆದಿದ್ದಾರೆ. ಬೇಯಿಸಿದ ನೀರು ಚೆಲ್ಲುವವರಿಗೆ ಇದು ನಷ್ಟ. ಕುಚಲಕ್ಕಿ ಗಂಜಿಯನ್ನು ತಿಳಿಯ ಜೊತೆಗೇ ಉಣ್ಣುವ ನಮ್ಮ ಕರಾವಳಿಯವರಿಗೆ ಏನೂ ನಷ್ಟವಿಲ್ಲ.

ಮನೆಯ ಯಂತ್ರದಲ್ಲಿ ಚಿಕ್ಕದಾಗಿ ಕಾಣುವ ಈ ವಿಷಯ ಊರಿಗೆ ಊರೇ ಕುಡಿಯುವ ನೀರಿನಲ್ಲಿ ದೊಡ್ಡದಾಗುತ್ತದೆ. ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟುವ ಯೋಜನೆ ಮುಂಬೈ ಪಾಲಿಕೆಯ ಮುಂದಿದೆ. ಮೊದಲು ದಿನಕ್ಕೆ 200 ದಶಲಕ್ಷ ಲೀಟರ್, ಆಮೇಲೆ 400. ಚೆನ್ನೈನಲ್ಲಿ ಮಿಂಜೂರು 2010ರಿಂದ, ನೆಮ್ಮೇಲಿ 2013ರಿಂದ ನಡೆಯುತ್ತಿವೆ. ಇಲ್ಲೆಲ್ಲ ಖನಿಜ ಮತ್ತೆ ಬೆರೆಸುವುದು ಬರೀ ರುಚಿಗಲ್ಲ. ಲವಣವಿಲ್ಲದ ನೀರನ್ನು ಹಾಗೇ ಪೈಪಿಗೆ ಬಿಟ್ಟರೆ ಅದು ಪೈಪಿನೊಳಗಿನ ಸಿಮೆಂಟಿನ ಸುಣ್ಣವನ್ನೇ ಕರಗಿಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ನೀರಿಗೆ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಸೇರಿಸಿ, ಸುಣ್ಣದ ಕಲ್ಲಿನ ಹಾಸಿನ ಮೂಲಕ ಹಾಯಿಸುತ್ತಾರೆ. ಕಲ್ಲು ಕರಗಿ ನೀರಿಗೆ ಕ್ಯಾಲ್ಸಿಯಂ ಬರುತ್ತದೆ, ಹುಳಿ ಕಡಿಮೆಯಾಗುತ್ತದೆ.

ಸುಣ್ಣದ ಕಲ್ಲಿನಲ್ಲಿ ಮೆಗ್ನೀಸಿಯಂ ಇಲ್ಲ ಎಂಬುದು ಇಸ್ರೇಲಿಗೆ ಗೊತ್ತಾದದ್ದು ಹೊಲದಲ್ಲಿ. ಆಶ್ಕೆಲಾನ್‌ನ ದೊಡ್ಡ ಘಟಕ 2005ರಲ್ಲಿ ಶುರುವಾಯಿತು. ಆ ನೀರು ಹಾಯಿಸಿದ ರೈತರ ಟೊಮೆಟೊ, ತುಳಸಿ ಜಾತಿಯ ಬೇಸಿಲ್, ಹೂವಿನ ಗಿಡಗಳಲ್ಲಿ ಮೆಗ್ನೀಸಿಯಂ ಕೊರತೆ ಕಾಣಿಸಿತು. ಅದನ್ನು ಗೊಬ್ಬರದಲ್ಲಿ ಹಾಕಬೇಕಾಯಿತು. ತಮಾಷೆ ಏನೆಂದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1,300 ಮಿ.ಗ್ರಾಂ ಮೆಗ್ನೀಸಿಯಂ ಇರುತ್ತದೆ, ಕ್ಯಾಲ್ಸಿಯಂಗಿಂತ ಮೂರು ಪಟ್ಟು. ಅಷ್ಟನ್ನೂ ಸೋಸಿ ಸಮುದ್ರಕ್ಕೇ ಬಿಟ್ಟು, ಆಮೇಲೆ ಚೀಲದಲ್ಲಿ ಕೊಂಡು ತರುವುದು. ಮನೋರಿಯ ಕಾಗದಪತ್ರದಲ್ಲಿ ಉಪ್ಪು ಎಷ್ಟು ತೆಗೆಯಬೇಕು ಎಂಬುದರ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕನಿಷ್ಠ ಎಷ್ಟು ಉಳಿಯಬೇಕು ಎಂದೂ ಬರೆಸಬೇಕು. ನಮ್ಮ ಐಎಸ್ 10500 ಇವೆರಡಕ್ಕೂ ಗರಿಷ್ಠ ಮಿತಿ ಹೇಳುತ್ತದೆ, ಕನಿಷ್ಠ ಮಿತಿ ಹೇಳುವುದಿಲ್ಲ. ಮಳೆ ನೀರಿಗೆ ಅದು ನಡೆದೀತು. ಯಂತ್ರದಿಂದ ಬರುವ ನೀರಿಗೆ ಸಾಲದು.

ಇನ್ನು ಮಣ್ಣು. ಮುಂಬೈನಿಂದ ರೈಲಿನಲ್ಲಿ ಊರಿಗೆ ಹೋಗುವಾಗ ರತ್ನಾಗಿರಿ ದಾಟಿ ಗೋವಾ, ಕಾರವಾರ, ಉಡುಪಿವರೆಗೆ ಕಿಟಕಿಯಾಚೆ ಕಾಣುವುದು ಕೆಂಪು ಮಣ್ಣು. ಮನೆ ಕಟ್ಟುವುದೂ ಆ ಕೆಂಪು ಕಲ್ಲಿನಲ್ಲೇ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಈ ಪಟ್ಟಿಯಲ್ಲಿ ನೀರು ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕರಗಿ ಸಮುದ್ರ ಸೇರಿವೆ. ಬೇಗ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಅದಕ್ಕೇ ಮಣ್ಣು ಕೆಂಪು, ಅದಕ್ಕೇ ಹುಳಿ. ಇಂಥ ಹುಳಿ ಮಣ್ಣಿಗೆ ರಂಜಕದ ಗೊಬ್ಬರ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಿಡಕ್ಕೆ ಸಿಗುವುದು ಅಲ್ಪಸ್ವಲ್ಪ. ಮೊದಲು ಸುಣ್ಣ ಹಾಕಿ ಹುಳಿ ಕಡಿಮೆ ಮಾಡಬೇಕು, ಆಮೇಲೆ ಗೊಬ್ಬರದ ಮಾತು. ಹಳಬರು ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡಿ ಗೋಡೆಗೂ ಎಲೆಯಡಿಕೆಗೂ ಬಳಸುತ್ತಿದ್ದರು. ತೋಟಕ್ಕೂ ಅದೇ ಸುಣ್ಣ ಒಳ್ಳೆಯದು.

ಘಟ್ಟ ಹತ್ತಿ ಪುಣೆ ಜಿಲ್ಲೆಗೆ ಬಂದರೆ ಚಿತ್ರ ತಿರುಗುಮುರುಗು. ಮಳೆ ಕಡಿಮೆ, ಕಪ್ಪು ಮಣ್ಣು, ಸುಣ್ಣದ ಅಂಶ ಧಾರಾಳ. ಕಬ್ಬಿನ ಕೂಳೆ ಬೆಳೆಯಲ್ಲಿ ಎಳೆ ಎಲೆ ನೋಡಿ: ನರ ಹಸಿರು, ನರಗಳ ನಡುವೆ ಹಳದಿ, ಜಾಸ್ತಿಯಾದರೆ ಎಲೆ ಇಡೀ ಬಿಳಿ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದಲ್ಲ, ಬೇಕಾದಷ್ಟಿದೆ. ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಹುಳಿ) 8 ದಾಟಿದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಅಲ್ಲಿ ಮಣ್ಣಿಗೆ ಕಬ್ಬಿಣದ ಉಪ್ಪು ಸುರಿದರೆ ಅದೂ ಹಾಗೇ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಅನುಭವಸ್ಥ ರೈತರು ಫೆರಸ್ ಸಲ್ಫೇಟನ್ನು ನೀರಿನಲ್ಲಿ ಕದಡಿ ಎಲೆಗೆ ಸಿಂಪಡಿಸುತ್ತಾರೆ. ಜಿಂಕ್ ಕತೆಯೂ ಬಹುಪಾಲು ಇದೇ. ದೇಶದಲ್ಲಿ ಪರೀಕ್ಷೆ ಮಾಡಿದ ಮಣ್ಣಿನ ಮಾದರಿಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿನವುಗಳಲ್ಲಿ ಗಿಡಕ್ಕೆ ಸಿಗುವ ಜಿಂಕ್ ಕಡಿಮೆ ಎಂದು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಸಮೀಕ್ಷೆ ಹೇಳುತ್ತದೆ.

ಸರ್ಕಾರ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ತಂದಿತು. 12 ಅಂಶ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. ಒಳ್ಳೆಯದೇ. ಆದರೆ 2010ರಲ್ಲಿ ಬಂದ ಪೋಷಕಾಂಶ ಆಧಾರಿತ ಸಬ್ಸಿಡಿಯಿಂದ ಯೂರಿಯಾವನ್ನು ಹೊರಗಿಟ್ಟು, ಅದರ ಬೆಲೆಯನ್ನು ಮಾತ್ರ ಕಟ್ಟಿಹಾಕಿದರು. ಯೂರಿಯಾ ಅಗ್ಗ, ಉಳಿದದ್ದು ದುಬಾರಿ. ಕಾರ್ಡಿನಲ್ಲಿ ಏನೇ ಬರೆದಿರಲಿ, ರೈತ ಜೇಬು ನೋಡಿಕೊಂಡು ಯೂರಿಯಾ ಚೀಲವನ್ನೇ ಎತ್ತುತ್ತಾನೆ. ಯೂರಿಯಾದಿಂದ ಬೆಳೆ ಸೊಂಪಾಗುತ್ತದೆ. ಸೊಂಪಾದ ಬೆಳೆ ಜಿಂಕ್, ಗಂಧಕ, ಪೊಟ್ಯಾಸಿಯಂ ಎಲ್ಲವನ್ನೂ ಜಾಸ್ತಿ ಹೀರಿಕೊಂಡು ಮಾರುಕಟ್ಟೆಗೆ ಹೋಗುತ್ತದೆ. ಕೊಂಕಣದ ಹುಳಿ ಮಣ್ಣನ್ನು ಯೂರಿಯಾ ಇನ್ನಷ್ಟು ಹುಳಿ ಮಾಡುತ್ತದೆ. ಸೋರಿಕೆ ಇಲ್ಲಿದೆ. ಇದನ್ನು ಮುಟ್ಟದೆ ಪ್ಯಾಕೆಟ್ ಹಂಚಿದರೆ ಏನು ಬಂತು?

ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ: ಬಸಾಲ್ಟ್ ಕಲ್ಲಿನ ನುಣ್ಣನೆ ಪುಡಿಯನ್ನು ಹೊಲಕ್ಕೆ ಹರಡುವುದು. ಮಳೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕಲ್ಲಿನ ಜೊತೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ, ಗಾಳಿಯ ಇಂಗಾಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣ್ಣಿಗೆ ಸಿಗುತ್ತದೆ. ನಮ್ಮ ದೇಶದ ಭತ್ತದ ಗದ್ದೆಗಳಲ್ಲಿ ಇದನ್ನು ಮಾಡುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ರೈಜ್ ಎಂಬ 5 ಕೋಟಿ ಡಾಲರ್‌ನ ಬಹುಮಾನ ಬಂತು. ಅಮೆರಿಕದ ಇಲಿನಾಯ್‌ನಲ್ಲಿ ನಾಲ್ಕು ವರ್ಷ, ವರ್ಷಕ್ಕೆ ಹೆಕ್ಟೇರಿಗೆ 50 ಟನ್‌ನಂತೆ ಹಾಕಿ ನೋಡಿದಾಗ ಮೆಕ್ಕೆಜೋಳ, ಸೋಯಾ ಇಳುವರಿ ಶೇಕಡಾ 12ರಿಂದ 16 ಏರಿತ್ತು. ಆ ಪರೀಕ್ಷೆಯ ವರದಿ 2024ರಲ್ಲಿ ಬಂತು.

ನಮ್ಮ ಭಾಗದಲ್ಲಿ ಬಸಾಲ್ಟ್‌ಗೆ ಬರವೇ? ದಖ್ಖನ್ ಪ್ರಸ್ಥಭೂಮಿಯೇ ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಬಸಾಲ್ಟ್. ಮುಂಬೈ, ಪುಣೆಯ ಸುತ್ತ ಜಲ್ಲಿ ಕ್ರಷರ್‌ಗಳ ಪಕ್ಕ ಕಪ್ಪು ಪುಡಿ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಆದರೆ ಪುಣೆಯ ಕಪ್ಪು ಮಣ್ಣಿಗೆ ಅದು ದಂಡ. ಆ ಮಣ್ಣು ಹುಟ್ಟಿದ್ದೇ ಅದೇ ಕಲ್ಲಿನಿಂದ, ಪಿಎಚ್ ಈಗಲೇ ಜಾಸ್ತಿ. ಕೊಂಕಣ, ಗೋವಾದ ಹುಳಿ ಮಣ್ಣಿಗೆ ಹೊಂದಬಹುದು. ಬಿಸಿಲು ಮಳೆ ಎರಡೂ ಜೋರಿರುವ ಕಡೆ ಕಲ್ಲು ಬೇಗ ಕರಗುತ್ತದೆ. ಎಕರೆಗೆ ಟನ್‌ಗಟ್ಟಲೆ ಪುಡಿಯನ್ನು ಘಟ್ಟ ಇಳಿಸುವ ಲಾರಿ ಬಾಡಿಗೆ ಯಾರು ಕೊಡುತ್ತಾರೆ ಎಂಬುದು ಒಂದು ಪ್ರಶ್ನೆ. ಪುಡಿಯಲ್ಲಿ ನಿಕಲ್, ಕ್ರೋಮಿಯಂ ಎಷ್ಟಿದೆ ಎಂದು ಪರೀಕ್ಷೆ ಮಾಡಿಸದೆ ಹಾಕಬಾರದು ಎಂಬುದು ಇನ್ನೊಂದು. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ, ಹಳೇ ಗೋವಾದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಂಥ ಕಡೆ ನಾಲ್ಕೈದು ವರ್ಷದ ಪರೀಕ್ಷೆ ನಡೆದ ಮೇಲೆ ರೈತನ ಹೊಲಕ್ಕೆ ಬರಲಿ. ಗಾಳಿಯ ಇಂಗಾಲ ಕಡಿಮೆ ಮಾಡಿದ್ದಕ್ಕೆ ಸಿಗುವ ದುಡ್ಡಿನ ಆತುರಕ್ಕೆ ಬೇಡ.

ಹಲ್ಲಿನ ಲೆಕ್ಕ ಇದಕ್ಕಿಂತ ನಾಜೂಕು. ಹಲ್ಲಿನ ಹೊರಕವಚ, ಎನಾಮೆಲ್, ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳು. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೆ ಸತ್ತುಹೋಗಿರುತ್ತವೆ. ಆಮೇಲೆ ರಿಪೇರಿ ಮಾಡಲು ಒಳಗಿನಿಂದ ಯಾರೂ ಬರುವುದಿಲ್ಲ. ಉಳಿದದ್ದು ಎಂಜಲು ಮಾತ್ರ. ಎಂಜಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುತ್ತದೆ, ಹುಳಿಯನ್ನು ತಗ್ಗಿಸುವ ಗುಣವೂ ಇದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹರಳು ಕರಗುತ್ತದೆ. ಮೇಲೆ ಬಂದರೆ ಎಂಜಲಿನ ಖನಿಜ ಮತ್ತೆ ಕೂರುತ್ತದೆ. ದಿನವಿಡೀ ಇದೇ ನಡೆಯುತ್ತಿರುತ್ತದೆ.

ಸಿಹಿ ತಿಂದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಪಿಎಚ್ ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಎಷ್ಟು ಸಕ್ಕರೆ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ನಡೆದ ಪ್ರಯೋಗ ಇದನ್ನು ತೋರಿಸಿತು. ಊಟದ ಜೊತೆ ತಿಂದ ಸಿಹಿಗಿಂತ ಊಟದ ನಡುವೆ ತಿಂದ, ಹಲ್ಲಿಗೆ ಅಂಟುವ ಮಿಠಾಯಿ ಎಷ್ಟೋ ಪಟ್ಟು ಹಾಳು ಮಾಡಿತ್ತು. (ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರನ್ನು ಕೇಳದೆ ಮಾಡಿದ ಪ್ರಯೋಗ ಅದು. ಅದರ ಫಲ ನಾವು ಉಣ್ಣುತ್ತಿದ್ದೇವೆ ಎಂಬುದು ನೆನಪಿರಲಿ.) ಮುಂಬೈನ ಆಫೀಸುಗಳಲ್ಲಿ ನಮ್ಮ ಜನ ಮಾಡುವುದೂ ಅದೇ. ಹತ್ತಕ್ಕೊಂದು ಕಟಿಂಗ್ ಚಹಾ, ಹನ್ನೊಂದೂವರೆಗೊಂದು, ಊಟವಾದ ಮೇಲೊಂದು, ನಾಲ್ಕಕ್ಕೆ ಗ್ಲೂಕೋಸ್ ಬಿಸ್ಕತ್ತಿನ ಜೊತೆ ಇನ್ನೊಂದು, ರೈಲು ಹತ್ತುವ ಮುಂಚೆ ಮತ್ತೊಂದು. ಅರ್ಧ ಲೋಟ ಅಲ್ವಾ ಎಂದು ಸಮಾಧಾನ. ಹಲ್ಲಿಗೆ ಅರ್ಧ ಲೋಟವೂ ಒಂದೇ, ಮಾಟುಂಗಾದ ಉಡುಪಿ ಹೋಟೆಲಿನ ದೊಡ್ಡ ಲೋಟದ ಕಾಫಿಯೂ ಒಂದೇ. ಪ್ರತಿ ಸಲ ಒಂದು ಗಂಟೆ ಹೋಯಿತು.

ಹಲ್ಲಿನ ಖನಿಜ ಹೋಗುವ ರೀತಿ ವಿಚಿತ್ರ. ಮೇಲ್ಮೈ ಮೊದಲು ಹೋಗುವುದಿಲ್ಲ. ಹೊರಗಿನ ತೆಳು ಪದರ ಗಟ್ಟಿಯಾಗೇ ಇರುತ್ತದೆ, ಅದರ ಕೆಳಗೆ ಟೊಳ್ಳಾಗುತ್ತಾ ಹೋಗುತ್ತದೆ. ಡೆಂಟಿಸ್ಟ್ ಹಲ್ಲಿಗೆ ಗಾಳಿ ಬಿಟ್ಟು ಒಣಗಿಸಿದಾಗ ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಒಂದು ಬಿಳಿ ಮಚ್ಚೆ ಕಾಣುತ್ತದೆ. ಒದ್ದೆ ಇದ್ದಾಗ ಕಾಣದು. ಕಣ್ಣಿಗೆ ಕಾಣದ ತೂತುಗಳಲ್ಲಿ ನೀರು ತುಂಬಿರುವವರೆಗೆ ಬೆಳಕು ಹಾಯ್ದುಹೋಗುತ್ತದೆ. ಗಾಳಿ ತುಂಬಿದೊಡನೆ ಚದುರಿ ಬಿಳಿ ಕಾಣುತ್ತದೆ. ಖನಿಜ ವಾಪಸ್ ಬರಬಹುದಾದ ಹಂತ ಎಂದರೆ ಇದೇ. ಒಳಗಿನ ಹರಳಿನ ಹಂದರ ಇನ್ನೂ ನಿಂತಿರುತ್ತದೆ, ಹೊಸ ಖನಿಜಕ್ಕೆ ಕೂರಲು ಜಾಗ ಇರುತ್ತದೆ. ಈ ಮಚ್ಚೆಯನ್ನು ಚೂಪು ಸೂಜಿಯಿಂದ ಜೋರಾಗಿ ಕೆದಕಿದರೆ ಮೇಲಿನ ಪದರ ಒಡೆದು, ಇಲ್ಲದ ಹುಳುಕನ್ನು ನಾವೇ ಮಾಡಿದ ಹಾಗಾಗುತ್ತದೆ. ಪದರ ಒಡೆದು ಗುಳಿ ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ತುಂಬುವುದಿಲ್ಲ. ‘ರಿಪೇರ್’ ಎಂಬ ಪದ ಇಷ್ಟಕ್ಕೆ ಮಾತ್ರ ನಿಜ.

ಕೆಲಸ ಮಾಡುವುದು ಯಾವುದು? ಹಳೇ ಫ್ಲೋರೈಡೇ ಮುಂದಿದೆ. ಹರಳು ಮತ್ತೆ ಕೂರುವಾಗ ಫ್ಲೋರೈಡ್ ಸೇರಿಕೊಂಡರೆ ಅದು ಹುಳಿಗೆ ಮೊದಲಿನಷ್ಟು ಸುಲಭವಾಗಿ ಕರಗುವುದಿಲ್ಲ. ನಮ್ಮ ದೇಶದ ನಿಯಮ ಪೇಸ್ಟಿನಲ್ಲಿ 1,000 ಪಿಪಿಎಂವರೆಗೆ (ದಶಲಕ್ಷಕ್ಕೆ 1,000 ಭಾಗ) ಫ್ಲೋರೈಡಿಗೆ ಅನುಮತಿ ಕೊಡುತ್ತದೆ, ಎಷ್ಟಿದೆ ಎಂದು ಟ್ಯೂಬಿನ ಮೇಲೆ ಬರೆಯಲೇಬೇಕು. ಲವಂಗ, ಬೇವು, ಇದ್ದಿಲಿನ ಚಿತ್ರವಿರುವ ಎಷ್ಟೋ ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ. ಸುಮ್ನೆ ಒಮ್ಮೆ ಟ್ಯೂಬ್ ತಿರುಗಿಸಿ ನೋಡಿ. ಉಜ್ಜಿದ ಮೇಲೆ ಉಗುಳಿ, ಬಾಯಿ ತುಂಬಾ ನೀರು ಹಾಕಿ ಮುಕ್ಕಳಿಸಬೇಡಿ. ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟು ಸಾಕು, ಅವರು ನುಂಗಿಬಿಡುತ್ತಾರೆ. ಹಾಲಿನ ಪ್ರೋಟೀನಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟ ಕ್ರೀಮು ಮೆಲ್ಬರ್ನ್‌ನಲ್ಲಿ ಹುಟ್ಟಿತು. ಸಣ್ಣ ಕಣದ ಹೈಡ್ರಾಕ್ಸಿಅಪಟೈಟ್ ಪೇಸ್ಟು ಜಪಾನಿನಲ್ಲಿ 1980ರಿಂದ ಇದೆ. ಇವು ಕೆಲವರಿಗೆ ಅನುಕೂಲ, ಆದರೆ ಬೆಲೆ ನೋಡಿದರೆ ಫ್ಲೋರೈಡಿಗೆ ಬದಲಿ ಎನ್ನಲು ನನಗೆ ಮನಸ್ಸಾಗದು. ಕೂದಲು, ಉಣ್ಣೆಯ ಕೆರಾಟಿನ್‌ನಿಂದ ಎನಾಮೆಲ್‌ನಂಥ ಪದರ ಬೆಳೆಸಿದ್ದೇವೆ ಎಂದು 2025ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಹೇಳಿದರು. ಅದಿನ್ನೂ ಪ್ರಯೋಗಾಲಯದ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟನ್ನೂ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವನ್ನೂ ಸೇರಿಸಿತು. ಈ ದ್ರಾವಣವನ್ನು ಹುಳುಕಿಗೆ ಬಳಿದರೆ ಅದು ಅಲ್ಲೇ ನಿಲ್ಲುತ್ತದೆ, ಹಲ್ಲು ಮಾತ್ರ ಕಪ್ಪಾಗುತ್ತದೆ. ಡ್ರಿಲ್ ಕಂಡರೆ ಕಿರುಚುವ ಮಗುವಿನ ಹಾಲುಹಲ್ಲಿಗೆ ಇದು ಒಳ್ಳೆಯ ಉಪಾಯ. ಕೇಳಿದರೆ ಮಾತ್ರ ಹೇಳುವ ಡೆಂಟಿಸ್ಟರೇ ಜಾಸ್ತಿ, ಹಾಗಾಗಿ ಕೇಳಿ.

ಮೂಳೆಯೂ ಅದೇ ಜಾತಿಯ ಖನಿಜ, ಆದರೆ ಅದಕ್ಕೆ ಜೀವ ಇದೆ. ಒಂದು ಬಗೆಯ ಕೋಶ ಹಳೇ ಮೂಳೆ ಕೆರೆಯುತ್ತದೆ, ಇನ್ನೊಂದು ಹೊಸದು ಕಟ್ಟುತ್ತದೆ. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೀಗೆ ಹೊಸದಾಗುತ್ತದೆ. ಮುಟ್ಟು ನಿಂತ ಮೇಲೆ ಕೆರೆಯುವವರ ಕೈ ಮೇಲಾಗುತ್ತದೆ. ಆಗ ಕ್ಯಾಲ್ಸಿಯಂ ಮಾತ್ರೆ ಒಂದೇ ನುಂಗಿದರೆ ಎಷ್ಟು ಉಪಯೋಗ? ಅಮೆರಿಕದಲ್ಲಿ 36,282 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ದಿನಾ 1,000 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಕೊಟ್ಟು ವರ್ಷಗಟ್ಟಲೆ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಸೊಂಟದ ಮೂಳೆಯ ಸಾಂದ್ರತೆ ಶೇಕಡಾ 1ರಷ್ಟು ಹೆಚ್ಚು. ಸೊಂಟದ ಮೂಳೆ ಮುರಿತದಲ್ಲಿ ಖಚಿತವಾಗಿ ಹೇಳುವಂಥ ಇಳಿಕೆ ಇಲ್ಲ. ಕಿಡ್ನಿ ಕಲ್ಲು ಶೇಕಡಾ 17 ಜಾಸ್ತಿ. ಊಟದಲ್ಲೇ ಕ್ಯಾಲ್ಸಿಯಂ ಸಾಲದವರ ಮಾತು ಬೇರೆ, ಅವರಿಗೆ ಮಾತ್ರೆ ಬೇಕಾಗಬಹುದು. ಉಳಿದವರಿಗೆ ಬಿಸಿಲು, ನಡಿಗೆ, ಭಾರ ಎತ್ತುವುದು. ಭಾರ ಬೀಳದ ಮೂಳೆಯನ್ನು ದೇಹ ಉಳಿಸಿಕೊಳ್ಳುವುದಿಲ್ಲ. ಬಾಹ್ಯಾಕಾಶದಲ್ಲಿ ತೇಲುವವರು ತಿಂಗಳಿಗೆ ಶೇಕಡಾ 1ಕ್ಕೂ ಹೆಚ್ಚು ಕಳೆದುಕೊಳ್ಳುತ್ತಾರೆ. ಎಂಟನೇ ಮಹಡಿಯ ಫ್ಲಾಟಿನಲ್ಲಿ ಲಿಫ್ಟು, ಸೋಫಾ, ಮುಚ್ಚಿದ ಕಿಟಕಿ ಎಂದು ಕಾಲ ಹಾಕುವ ನಮ್ಮ ಅಮ್ಮಂದಿರ ಸ್ಥಿತಿಯೂ ಅದೇ ದಾರಿಯದ್ದು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5ಕ್ಕೆ ಇಳಿದಿದ್ದರೆ ಮಾತ್ರೆ ಡಬ್ಬಿ ಬದಲಿಸುವುದರಲ್ಲಿ ಅರ್ಥವಿಲ್ಲ, ವೈದ್ಯರ ಬಳಿ ಔಷಧಿಯ ಮಾತಾಡಬೇಕು. ಹೆಚ್ಚಾಗಿ ಕೊಡುವುದು ಅಲೆಂಡ್ರೊನೇಟ್ ಜಾತಿಯದ್ದು. ಅದು ಮೂಳೆಗೆ ಏನನ್ನೂ ಸೇರಿಸುವುದಿಲ್ಲ, ಕೆರೆಯುವ ಕೋಶಗಳನ್ನು ತಡೆಯುತ್ತದೆ. ಅದನ್ನು ನುಂಗುವ ಕ್ರಮವನ್ನು ಮನೆಯವರು ತಿಳಿದುಕೊಂಡಿರಬೇಕು. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ. ಹಾಲು, ಕಾಫಿ ಬೇಡ, ಬಾಟಲಿಯ ಮಿನರಲ್ ವಾಟರೂ ಬೇಡ. ಕ್ಯಾಲ್ಸಿಯಂ ಜೊತೆ ಸೇರಿದರೆ ಔಷಧಿ ರಕ್ತಕ್ಕೆ ಹೋಗದೆ ಹಾಗೇ ಹೊರಬೀಳುತ್ತದೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನು ಮಧ್ಯಾಹ್ನದ ಊಟಕ್ಕೆ ಇಡಿ.